ಜೊತೆಗೆ ಬಂದದ್ದು, ಕೇಳಿ ತಂದದ್ದು

ಕಿಟಕಿಯ ಕೆಳಗೆ ಉದ್ದನೆಯ ಒಂದು ಮರದ ಮೇಜು. ಅದರ ಮೇಲೆ ಮೂರು ಹಳೆಯ ಕಂಪ್ಯೂಟರುಗಳು, ಒಂದೇ ಬೂದು ಬಣ್ಣದವು, ಒಂದೇ ಎತ್ತರದವು, ಫೋಟೊ ತೆಗೆಸಿಕೊಳ್ಳಲು ಕುಳಿತ ಅಣ್ಣತಮ್ಮಂದಿರಂತೆ ಭುಜಕ್ಕೆ ಭುಜ ತಾಗಿಸಿಕೊಂಡಿವೆ. ಒಂದೊಂದರ ಹಣೆಗೂ ಒಂದು ಬಿಳಿಯ ಚೀಟಿ. ಚೀಟಿಯ ಮೇಲೆ ನೀಲಿ ಶಾಯಿಯ, ಎಡಕ್ಕೆ ತುಸು ವಾಲಿದ ಅಕ್ಷರಗಳು. ಮೊದಲನೆಯದರ ಮೇಲೆ ‘ಹೇಳಿ ಕಾಯುವವನು’. ಎರಡನೆಯದರ ಮೇಲೆ ‘ಕಸ ಗುಡಿಸುವವನು’. ಮೂರನೆಯದರ ಮೇಲೆ ‘ನೂರು ಪ್ರಶ್ನೆಯವನು’. ಮೇಜಿನ ಅಂಚಿನಲ್ಲಿ ಎರಡು ಕಾಫಿ ಲೋಟಗಳು: ಒಂದು ಖಾಲಿ, ಅಲ್ಲಿಯವರು ಕಾಫಿಗೆ ಹಾಕಿಕೊಳ್ಳುವ ಸುಟ್ಟ ಗಿಣ್ಣಿನ ತುಣುಕೊಂದು ತಳದಲ್ಲಿ ಉಳಿದಿದೆ; ಇನ್ನೊಂದು ತುಂಬಿದ್ದು, ಆರದಿರಲೆಂದು ಅದರ ಮೇಲೆ ತಟ್ಟೆ ಮುಚ್ಚಿದೆ. ಕುರ್ಚಿಯ ಬೆನ್ನಿಗೆ ಕೆಂಪಂಚಿನ ಉಣ್ಣೆಯ ಶಾಲು. ಹೊರಗೆ ನದಿಯ ಮೇಲೆ ಇನ್ನೂ ಒಡೆಯದ ಮಾರ್ಚ್ ತಿಂಗಳ ಹಿಮಗಡ್ಡೆ. ಅದರಿಂದ ಪುಟಿದೆದ್ದ ಬೆಳಕು ಚಾವಣಿಗೆ ತಾಗಿ, ಅಲುಗದೆ ನಿಂತಿದೆ. ಏನೂ ಚಲಿಸುತ್ತಿಲ್ಲ. ಮೂರು ಪರದೆಗಳ ಮೇಲೆ ಮೂರು ಪುಟ್ಟ ಗೆರೆಗಳು ಮಾತ್ರ ಮಿಟುಕುತ್ತಿವೆ, ಯಾರಾದರೂ ಏನಾದರೂ ಹೇಳಲಿ ಎಂಬಂತೆ.

ಓಯ್ವಾ ಕೆಟ್ಟುನೆನ್ ಬಾಗಿಲಲ್ಲೇ ನಿಂತು, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು, ಈ ಚಿತ್ರವನ್ನು ನೋಡಿದ. ಗುರುವಾರದ ಬೆಳಿಗ್ಗೆ ಒಳಗೆ ಹೆಜ್ಜೆಯಿಡುವ ಮುನ್ನ ಹೀಗೆ ಒಂದು ಗಳಿಗೆ ನಿಲ್ಲುವುದು ಅವನಿಗೆ ರೂಢಿಯಾಗಿತ್ತು. ಸಿಕ್ಕಿದ್ದನ್ನೆಲ್ಲ ಆತುರದಲ್ಲಿ ಮುಗಿಸಬಾರದೆಂಬ ತಿಳಿವಳಿಕೆ ಅರವತ್ತೇಳನೆಯ ವಯಸ್ಸಿನಲ್ಲಾದರೂ ಅವನಿಗೆ ಬಂದಿತ್ತು. ಆ ಮುಚ್ಚಿದ ತಟ್ಟೆಗಾಗಿ ಅವನು ಪ್ರತಿ ವಾರವೂ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ. ಹೆಂಡತಿ ಬೇರೆಯಾಗಿ ಬೇರೆ ಊರು ಸೇರಿ ಹತ್ತೊಂಬತ್ತು ವರ್ಷಗಳಾಗಿದ್ದವು. ಅಷ್ಟು ವರ್ಷಗಳಲ್ಲಿ ಅವನ ಕಾಫಿ ಆರಿಹೋಗುವುದೆಂದು ಯೋಚಿಸಿದವರು ಇನ್ನೊಬ್ಬರಿರಲಿಲ್ಲ.

ಓಯ್ವಾ ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದವನು. ಎಂಟು ವರ್ಷಗಳ ಹಿಂದೆ ಕಂಪ್ಯೂಟರು ನಡೆಸುವ ಉಚಿತ ತಂತ್ರಾಂಶವಾದ ಲಿನಕ್ಸಿನ ಅಭಿಮಾನಿಗಳು, ಔಲು ಊರಿನ ಲಿನಕ್ಸ್ ಸಂಘದವರು, ನದಿಯಾಚೆಯ ಈ ಸಣ್ಣ ಗ್ರಂಥಾಲಯಕ್ಕೆ ಹಳೆಯ ಕಂಪ್ಯೂಟರುಗಳನ್ನು ದಾನವಾಗಿ ಕೊಟ್ಟಾಗ, ಅವುಗಳ ಯೋಗಕ್ಷೇಮ ನೋಡಿಕೊಳ್ಳಲು ಒಬ್ಬ ಮನುಷ್ಯನನ್ನೂ ಕಳಿಸಿದ್ದರು. ಆ ಮನುಷ್ಯ ಇವನು. ಮಾರೆತ್ ಆಗಲೇ ಇಲ್ಲಿದ್ದಳು, ಪುಸ್ತಕ ಕೊಡುವ ಕಟ್ಟೆಯ ಹಿಂದೆ. ದೇಶದ ಉತ್ತರದ ತುದಿಯ ಉತ್ಸ್ಯೋಕಿಯವಳು, ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ಹೆಣ್ಣುಮಗಳು. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಪಾವೊನ ಕೈಹಿಡಿದು ಮೂವತ್ತು ವರ್ಷಗಳ ಹಿಂದೆ ಈ ಊರಿಗೆ ಬಂದವಳು. ಪಾವೊ ತೀರಿಕೊಂಡು ಮೂರು ಚಳಿಗಾಲಗಳು ಕಳೆದಿದ್ದವು. ಈ ತಿಂಗಳ ಕೊನೆಗೆ ಅವಳ ಕೆಲಸವೂ ಮುಗಿಯುವುದಿತ್ತು.

ಶರತ್ಕಾಲಕ್ಕೆ ಗ್ರಂಥಾಲಯಕ್ಕೆ ಹೊಸ ಯಂತ್ರಗಳು ಬರುತ್ತವೆ, ಲಿನಕ್ಸಿನ ಯಾವ ಬಳಗವನ್ನು ಅವುಗಳಲ್ಲಿ ಹಾಕೋಣ, ಒಂದು ಪುಟದ ವರದಿ ಕೊಡಿ ಎಂದು ಮುಖ್ಯಸ್ಥೆ ಹೊಸ ವರ್ಷದ ಹೊತ್ತಿಗೆ ಇವರಿಬ್ಬರಿಗೂ ಹೇಳಿದ್ದಳು. ಬಳಗ ಹಲವು, ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ತಂದು ಜೋಡಿಸಿ ಹಳೆಯದನ್ನು ತೆಗೆಯುವ ಉಪಕರಣ ಒಂದೊಂದು ಬಳಗಕ್ಕೂ ಒಂದೊಂದು. ಆಪ್ಟ್, ಡಿಎನ್‌ಎಫ್, ಝಿಪ್ಪರ್. ಮೂರನ್ನೂ ಮೂರು ಯಂತ್ರಗಳಲ್ಲಿ ಹಾಕಿ ಹೋಲಿಸಿ ನೋಡಬೇಕು. ಮೂರು ವಾರದ ಕೆಲಸವೆಂದು ಮುಖ್ಯಸ್ಥೆ ಅಂದಾಜು ಮಾಡಿದ್ದಳು. ಇದು ಹನ್ನೊಂದನೆಯ ವಾರ.

ವೇಗ, ಭದ್ರತೆ, ತಪ್ಪಾದರೆ ಹಿಂದಕ್ಕೆ ಮರಳುವ ಅನುಕೂಲ ಎಂಬ ಮೂರು ಅಂಕಣಗಳು ಮೊದಲ ವಾರದಲ್ಲೇ ತುಂಬಿದ್ದವು. ನಾಲ್ಕನೆಯ ಗುರುವಾರಕ್ಕೆ ನೆಪವೇನು ಎಂದು ಓಯ್ವಾ ಚಿಂತೆಗೆ ಬಿದ್ದ. ಆಗ ಅವನಿಗೆ ಹೊಸ ಅಂಕಣಗಳು ಹೊಳೆಯತೊಡಗಿದವು. ಜಾಲ ನಡುವೆ ಕಡಿದಾಗ ತೋರುವ ತಾಳ್ಮೆ. ತಪ್ಪು ಹೆಸರು ಟೈಪಿಸಿದಾಗ ಬೈಯುವ ಧಾಟಿ. ಫಿನ್ನಿಷ್ ಅನುವಾದದ ಸೊಗಸು. ವರದಿಯ ಪುಟ ಅಡ್ಡಡ್ಡ ಬೆಳೆದು, ಅಂಟಿಸಿದ ಹಾಳೆಗಳು ಮೇಜಿನಿಂದ ಕೆಳಗಿಳಿದವು. ಹದಿನಾರನೆಯ ಅಂಕಣಕ್ಕೆ ಗೆರೆ ಎಳೆದ ದಿನ ಮಾರೆತ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿನಿಂದ ಅವನನ್ನು ನೋಡಿದ್ದಳು. ಬಲಗಣ್ಣು ಸ್ವಲ್ಪ ಕಿರಿದಾಗಿತ್ತು. ನಗು ಇನ್ನೂ ತುಟಿಗೆ ಬಂದಿರಲಿಲ್ಲ, ಒಳಗೆ ಬರಲಿರುವ ಅತಿಥಿಯಂತೆ ಕಣ್ಣಿನ ಮೂಲೆಯಲ್ಲಿ ಬೂಟು ಕಳಚುತ್ತಿತ್ತು.

“ಮೇಷ್ಟ್ರೇ, ಇನ್ನು ಉಳಿದಿರೋದು ಇವಕ್ಕೆ ಈಜು ಬರುತ್ತಾ ಅನ್ನೋದೊಂದೇ. ಅದನ್ನೂ ಹಾಕ್ಬಿಡೋಣ್ವಾ?”

“ನದಿ ಕರಗ್ಲಿ,” ಎಂದಿದ್ದ ಓಯ್ವಾ, ಮುಖದ ಒಂದು ಗೆರೆಯನ್ನೂ ಅಲುಗಿಸದೆ. “ಈಗ ಬಿಟ್ರೆ ನೆಗಡಿ ಆಗುತ್ತೆ.”

ಅವಳು ಅವನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದದ್ದು ಅವನು ಎಲ್ಲವನ್ನೂ ವಿವರಿಸುತ್ತಾನೆಂದು. ಆದರೆ ಯಂತ್ರಗಳಿಗೆ ಹೆಸರಿಟ್ಟವಳು ಅವಳು, ಹೆಸರು ತಪ್ಪಿರಲಿಲ್ಲ. ಝಿಪ್ಪರ್ ಎಲ್ಲಿ ತೊಡಕು ಕಂಡರೂ ಒಂದು ಎರಡು ಮೂರೆಂದು ದಾರಿಗಳನ್ನು ಪಟ್ಟಿಮಾಡಿ, ಯಾವುದು ಬೇಕೆಂದು ಕೇಳುತ್ತಿತ್ತು. ಡಿಎನ್‌ಎಫ್ ಒಂದನ್ನು ತೆಗೆಯುವಾಗ ಅದರೊಂದಿಗೆ ಬಂದ ಸಣ್ಣಪುಟ್ಟದ್ದನ್ನೂ ಸೇರಿಸಿ ಗುಡಿಸಿಬಿಡುತ್ತಿತ್ತು. ಆಪ್ಟ್ ಹಾಗಲ್ಲ. ಇಂತಿಂಥವು ಇನ್ನೊಂದರ ಜೊತೆಗೆ ಬಂದವು, ಆ ಇನ್ನೊಂದು ಈಗ ಇಲ್ಲ, ಆದ್ದರಿಂದ ಇವು ಈಗ ಯಾರಿಗೂ ಬೇಕಿಲ್ಲ, ತೆಗೆಯುವುದಾದರೆ ಹೇಳಿ ಎಂದು ತಿಳಿಸಿ, ಸುಮ್ಮನೆ ಕಾಯುತ್ತಿತ್ತು. ವರ್ಷಗಟ್ಟಲೆ ಬೇಕಾದರೂ.

ಇಬ್ಬರ ಕೆಲಸಕ್ಕೂ ಒಂದು ಕ್ರಮವಿತ್ತು. ಅವನು ಟೈಪಿಸುವುದು, ಪರದೆಯ ಮೇಲೆ ಮೂಡಿದ್ದನ್ನು ಅವಳು ಗಟ್ಟಿಯಾಗಿ ಓದುವುದು, ಅವಳು ತಲೆಯಾಡಿಸಿದ ಮೇಲಷ್ಟೇ ಅವನು ‘ಹೌದು’ ಒತ್ತುವುದು. ಓದದೆ ಒಪ್ಪಬಾರದು ಎನ್ನುವುದು ಅವಳ ನಿಯಮ. ಇಲ್ಲಿಯ ಪರೀಕ್ಷೆ ಮುಗಿದ ಮೇಲೆ, ಹೊರಗಿನ ಹಜಾರದಲ್ಲಿ ಓದುಗರು ಬಳಸುವ ಒಂಬತ್ತು ಯಂತ್ರಗಳನ್ನೂ ಹೀಗೆಯೇ ನವೀಕರಿಸುತ್ತಿದ್ದರು. ಅವೂ ಆಪ್ಟಿನ ಬಳಗದವೇ. ಅಲ್ಲಿ ಪ್ರತಿ ವಾರವೂ ಒಂದು ಸಾಲು ಬರುತ್ತಿತ್ತು. ಪ್ರತಿ ವಾರವೂ ಮಾರೆತ್ ಅದನ್ನು ಒಂದೇ ದನಿಯಲ್ಲಿ, ಏರಿಳಿತವಿಲ್ಲದೆ ಓದುತ್ತಿದ್ದಳು. ಕೆಳಗಿನದು ಜೊತೆಗೆ ಬಂದದ್ದು. ಈಗ ಯಾರಿಗೂ ಬೇಕಿಲ್ಲ. ಅವನು ಅದನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದ. ಅವಳ ದನಿಯನ್ನು ಕೇಳುವ ಸಂತೋಷದಲ್ಲಿ ಅವಳು ಓದಿದ್ದೇನೆಂದು ಕೇಳಿಸಿಕೊಂಡಿರಲಿಲ್ಲ.

ಈ ಗುರುವಾರ ಅವನು ಕೋಟು ಬಿಚ್ಚಿ, ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ಬಂದು ಕುಳಿತಾಗ ಮಾರೆತ್ ಕೋಣೆಯಲ್ಲಿರಲಿಲ್ಲ. ಕಟ್ಟೆಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು, ತನ್ನ ಭಾಷೆಯಲ್ಲಿ. ತಂಗಿ ಬೀರೆತ್ ಇರಬೇಕು. ಆ ಮಾತು ಓಯ್ವಾನಿಗೆ ಅರ್ಥವಾಗದು. ಆದರೆ ವಿಷಯ ಗೊತ್ತಿತ್ತು. ಉತ್ಸ್ಯೋಕಿಯ ಮನೆಯಲ್ಲಿ ನದಿಯ ಕಡೆಯ ಕೋಣೆಯನ್ನು ಬೀರೆತ್ ಅಕ್ಕನಿಗಾಗಿ ಮೂರು ವರ್ಷಗಳಿಂದ ಖಾಲಿ ಇಟ್ಟುಕೊಂಡಿದ್ದಳು. ಬರುವುದಾದರೆ ಶನಿವಾರದೊಳಗೆ ಹೇಳು, ಇಲ್ಲವಾದರೆ ಶಾಲೆಗೆ ಹೊಸದಾಗಿ ಬರುವ ಮೇಡಂಗೆ ಕೊಟ್ಟುಬಿಡುತ್ತೇನೆ ಎಂದು ಕಳೆದ ವಾರ ಹೇಳಿದ್ದಳಂತೆ. ಮಾರೆತ್ ಅದನ್ನು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ್ದಳು. ಓಯ್ವಾ ಆ ಹೊತ್ತಿಗೆ ಹೇಳಬೇಕಾದ ಮಾತನ್ನು ಹೇಳದೆ, ಹದಿನೇಳನೆಯ ಅಂಕಣದ ಪ್ರಸ್ತಾಪ ಮಾಡಿದ್ದ: ಜೊತೆಗೆ ಬಂದವುಗಳ ಗತಿ.

ಆ ಅಂಕಣವನ್ನು ಈಗ ತುಂಬಬೇಕಿತ್ತು. ಡಿಎನ್‌ಎಫ್ ತಾನೇ ಗುಡಿಸುತ್ತದೆ, ಝಿಪ್ಪರ್ ಹೇಳದ ಹೊರತು ಮುಟ್ಟುವುದಿಲ್ಲ ಎಂದು ಬರೆದ. ಆಪ್ಟಿಗೆ ಗುಡಿಸು ಎಂದು ಬೇರೆಯೇ ಆಜ್ಞೆ ಕೊಡಬೇಕು. ಕೊಟ್ಟು ನೋಡೋಣವೆಂದು ಟೈಪಿಸಿದ. ಉದ್ದನೆಯ ಪಟ್ಟಿ ಬಂತು. ಓದುವವಳು ಪಕ್ಕದಲ್ಲಿರಲಿಲ್ಲ. ಹಜಾರದಿಂದ ಅವಳ ದನಿ ಒಮ್ಮೆ ಏರಿ, ಆಮೇಲೆ ತುಂಬ ತಗ್ಗಿತು. ಅವನ ಕಿವಿ ಅಲ್ಲಿತ್ತು, ಬೆರಳು ಇಲ್ಲಿತ್ತು. ಬೆರಳು ‘ಹೌದು’ ಎಂದಿತು.

ಪರದೆಯ ಮೇಲೆ ಎರಡು ಕಿಟಕಿಗಳು ತೆರೆದಿದ್ದವು. ಒಂದು ಮೇಜಿನ ಮೇಲಿನ ಪರೀಕ್ಷೆಯ ಯಂತ್ರದ್ದು. ಇನ್ನೊಂದು ಹಜಾರದ ಒಂಬತ್ತಕ್ಕೂ ಒಟ್ಟಿಗೆ ಆಜ್ಞೆ ಹೋಗುವಂಥದ್ದು. ತಾನು ಎರಡನೆಯದರಲ್ಲಿ ಟೈಪಿಸಿದ್ದೇನೆಂದು ಓಯ್ವಾನಿಗೆ ತಿಳಿದದ್ದು ಹನ್ನೊಂದು ಗಂಟೆಗೆ, ಮಾರೆತ್ ಫೋನು ಮುಗಿಸಿ ಬಂದು ಕುಳಿತ ಮೇಲೆ, ಅಸ್ಲಕ್ ಮುದುಕ ಬಂದಾಗ.

ಎಂಬತ್ತು ದಾಟಿದ ಅಸ್ಲಕ್ ಪ್ರತಿ ಗುರುವಾರ ಇಲ್ಲಿ ಕುಳಿತು, ನಾರ್ವೆಯ ದಡದಲ್ಲಿರುವ ತಮ್ಮನಿಗೆ ಸಾಮಿ ಭಾಷೆಯಲ್ಲಿ ಪತ್ರ ಬರೆಯುತ್ತಿದ್ದ. ಅವನು ಇವರಿದ್ದ ಹಿಂದಿನ ಕೋಣೆಯ ಬಾಗಿಲಿಗೆ ಬಂದು, ಟೊಪ್ಪಿಗೆ ತೆಗೆದು, ದೂರು ಹೇಳುವ ದನಿಯಲ್ಲಲ್ಲ, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ ಹೇಳಿದ.

“ಮಾರೆತ್, ಈ ಯಂತ್ರಕ್ಕೆ ನನ್ ಮೇಲೆ ಸಿಟ್ಟು ಬಂದಿದೆ ಕಣಮ್ಮ. ನಾನು ಬರೆದಿದ್ದೆಲ್ಲಾ ತಪ್ಪಂತೆ. ಎಲ್ಲದರ ಕೆಳಗೂ ಕೆಂಪು ಗೆರೆ.” ಟೊಪ್ಪಿಗೆಯ ಅಂಚನ್ನು ತಿರುವುತ್ತ, “ಇರ್ಲಿ ಬಿಡು. ನಾನು ಚಿಕ್ಕೋನಿದ್ದಾಗ ಶಾಲೆಯಲ್ಲೂ ನಮ್ ಭಾಷೆಗೆ ಹೀಗೇ ಅಂತಿದ್ರು,” ಎಂದ.

ಮಾರೆತ್ ಎದ್ದು ಹೋಗಿ ನೋಡಿ ಬಂದಳು. ಕಾಗುಣಿತ ಸರಿಯೇ ಎಂದು ನೋಡುವ ಸಾಮಿ ಭಾಷೆಯ ಪದಕೋಶ ಒಂಬತ್ತರಲ್ಲೂ ಇರಲಿಲ್ಲ. ಬಹಳ ಹಿಂದೆ ಹತ್ತಾರು ಭಾಷೆಗಳ ದೊಡ್ಡ ಕಟ್ಟೊಂದರ ಜೊತೆಗೆ ಅದು ಬಂದಿತ್ತು. ಕಳೆದ ಆಗಸ್ಟಿನಲ್ಲಿ ಜಾಗ ಸಾಲದೆಂದು ಆ ಕಟ್ಟನ್ನು ತೆಗೆದಿದ್ದರು. ಕೋಶ ಮಾತ್ರ ಉಳಿದುಕೊಂಡಿತ್ತು. ಏಳು ತಿಂಗಳು ಆಪ್ಟ್ ಅದರ ಹೆಸರನ್ನೇ ಹೇಳುತ್ತಿತ್ತು, ಹೇಳಿ ಕಾಯುತ್ತಿತ್ತು. ಇವತ್ತು ಉತ್ತರ ಸಿಕ್ಕಿತ್ತು. ಅಸ್ಲಕನ ಮಾತಿನ ಕೋಶ ಕಾಣದೆ, ಯಂತ್ರ ಅದನ್ನು ಕೆಟ್ಟ ಫಿನ್ನಿಷ್ ಎಂದು ಭಾವಿಸಿ ಗೆರೆ ಎಳೆದಿತ್ತು.

“ಅದು ತಾನಾಗಿ ಹೋಗೋದಲ್ಲ,” ಎಂದಳು ಮಾರೆತ್. “ಯಾರೋ ‘ಹೌದು’ ಅಂದಿರ್ಬೇಕು.”

“ನಾನೇ ಅಂದೆ. ಓದ್ಲಿಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಖಾಲಿ ಲೋಟವನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟಳು.

“ತಪ್ಪೇನಿಲ್ಲ ಬಿಡಿ. ಅದನ್ನ ಕರ್ಕೊಂಡ್ ಬಂದಿದ್ದು ಹೋಗಿ ಎಷ್ಟೋ ದಿನ ಆಯ್ತು. ಆಮೇಲೂ ಇಲ್ಲೇ ಕೂತಿದ್ರೆ, ಒಂದಲ್ಲ ಒಂದಿನ ಯಾರಾದ್ರೂ ಗುಡಿಸ್ತಾರೆ.” ಶಾಲನ್ನು ಕುರ್ಚಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಮೂರೂವರೆ ಬಸ್ಸಿಗೆ ಹೊರಡ್ತಿದೀನಿ. ಬೀರೆತ್‌ಗೆ ಎದುರಿಗೇ ಹೋಗಿ ಹೇಳ್ಬೇಕು, ಹ್ಞೂ ಅಂತಾನೋ ಉಹ್ಞೂ ಅಂತಾನೋ. ಫೋನಲ್ಲಿ ಹೇಳೋ ಮಾತಲ್ಲ ಅದು.”

ಹೇಳಿ ಅವಳು ಕಟ್ಟೆಗೆ ಹೋದಳು. ಓಯ್ವಾನ ಕಿವಿಗೆ ಆ ಏರಿಳಿತವಿಲ್ಲದ ದನಿ ಈಗ, ವಾರಗಟ್ಟಲೆ ತಡವಾಗಿ, ಒಂದೊಂದು ಗುರುವಾರದಿಂದಲೂ ಎದ್ದು ಬಂತು. ಕೆಳಗಿನದು ಜೊತೆಗೆ ಬಂದದ್ದು. ಈಗ ಯಾರಿಗೂ ಬೇಕಿಲ್ಲ. ಹಿಮದ ಕೆಳಗೆ ಹರಿಯುತ್ತಿದ್ದ ನೀರನ್ನು ಮೇಲೆ ನಡೆದಾಡುವವನು ನೆಲವೆಂದು ತಿಳಿದಿದ್ದ ಹಾಗೆ, ಅವಳು ಓದುತ್ತಿದ್ದುದನ್ನು ಅವನು ಬರಿಯ ಓದೆಂದು ತಿಳಿದಿದ್ದ.

ತಪ್ಪನ್ನು ಸರಿಪಡಿಸುವುದು ಐದು ನಿಮಿಷದ ಕೆಲಸ. ಕೋಶದ ಹೆಸರು ಬರೆದು, ತಾ ಎಂದರೆ ಸಾಕು. ಬರೆದ. ಒಂಬತ್ತೂ ಯಂತ್ರಗಳಿಗೆ ಅದು ಮರಳಿ ಬಂತು. ಬಂದದ್ದು ನಿಜವೇ ಎಂದು ಅವನು ಕಾಲುಚೀಲದಲ್ಲೇ ಹಜಾರಕ್ಕೆ ಹೋಗಿ, ಒಂದೊಂದನ್ನೂ ಮುಟ್ಟಿ ನೋಡಿದ. ಅಸ್ಲಕನ ಪರದೆಯ ಮೇಲಿನ ಕೆಂಪು ಗೆರೆಗಳು ಒಂದೊಂದಾಗಿ ಆರಿಹೋದವು. ಮುದುಕ ಓಯ್ವಾನ ತೋಳನ್ನು ಒಮ್ಮೆ ಹಿಡಿದು ಬಿಟ್ಟ, ಮತ್ತೆ ತಮ್ಮನಿಗೆ ಬರೆಯತೊಡಗಿದ.

ಕೋಣೆಗೆ ಮರಳಿ, ಇನ್ನೊಮ್ಮೆ ಹೀಗಾಗದಂತೆ ಏನು ಮಾಡಬೇಕೆಂದು ನೋಡಿದ. ಏನೂ ಮಾಡಬೇಕಿರಲಿಲ್ಲ. ಇಪ್ಪತ್ತು ವರ್ಷಗಳಿಂದ ತಿಳಿದಿದ್ದ, ಆದರೆ ಎಂದೂ ನಿಂತು ಯೋಚಿಸದ ಸಂಗತಿ ಅದು: ಹೆಸರು ಹಿಡಿದು ಕರೆದದ್ದನ್ನು ಆಪ್ಟ್ ಇನ್ನೊಂದು ಪಟ್ಟಿಗೆ ಸೇರಿಸುತ್ತದೆ. ಇದು ಜೊತೆಗೆ ಬಂದದ್ದಲ್ಲ, ಕೇಳಿ ತಂದದ್ದು ಎಂದು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಯಾರು ಇರಲಿ, ಯಾರು ಹೋಗಲಿ, ಅದನ್ನು ಗುಡಿಸುವ ಮಾತು ಎತ್ತುವುದಿಲ್ಲ. ಅದೇ ವಸ್ತು, ಅದೇ ಜಾಗ. ಬದಲಾದದ್ದು ಇಷ್ಟೇ, ಯಾರೋ ಒಬ್ಬರು ಅದರ ಹೆಸರು ಹೇಳಿದ್ದರು.

ಓಯ್ವಾ ಬಹಳ ಹೊತ್ತು ಆ ಸಾಲಿನ ಮುಂದೆ ಕುಳಿತಿದ್ದ. ಕಾಫಿಯ ಮೇಲಿನ ತಟ್ಟೆಯನ್ನು ಅವನು ಇನ್ನೂ ತೆಗೆದಿರಲಿಲ್ಲ.

ಎರಡೂವರೆಗೆ ಮಾರೆತ್ ಬೂಟು ಹಾಕಿಕೊಳ್ಳಲು ಒಳಗೆ ಬಂದಳು. ಸಣ್ಣದೊಂದು ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಬೆಂಚಿನ ಮೇಲೆ ಕುಳಿತು ಒಂದು ಬೂಟಿನ ದಾರ ಬಿಗಿಯುತ್ತಿರುವಾಗ ಓಯ್ವಾ, ಹೋಗುವ ಮುಂಚೆ ಒಂದು ಸಾಲು ಓದಿಕೊಡಿ, ನೀವು ಓದದೆ ನಾನು ಮುಂದಕ್ಕೆ ಹೋಗುವ ಹಾಗಿಲ್ಲ ಎಂದ. ಅವಳು ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಕಾಲುಚೀಲ, ಹಾಗೆಯೇ ಕುಂಟುತ್ತ ಬಂದು, ಕನ್ನಡಕ ಹಾಕಿಕೊಂಡು, ಬಾಗಿ ಓದಿದಳು. ಮೊದಲು ಕೋಶದ ಹೆಸರು. ಆಮೇಲೆ, “ಇದು ಕೇಳಿ ತಂದದ್ದು.”

ಓದಿ ಅವಳು ನೆಟ್ಟಗಾಗಲಿಲ್ಲ. ಕಿವಿಯ ಹಿಂದಿನಿಂದ ಜಾರಿದ ಬೆಳ್ಳಿಗೂದಲೊಂದು ಕೆನ್ನೆಯ ಮೇಲೆ ತೂಗುತ್ತಿತ್ತು, ಚಾವಣಿಯ ಬೆಳಕು ಅದಕ್ಕೆ ತಾಗುತ್ತಿತ್ತು. ಓಯ್ವಾ ಆ ಕೂದಲಿಗೆ ಹೇಳುವವನಂತೆ ಹೇಳಿದ.

“ಮಾರೆತ್.”

ಎಂಟು ವರ್ಷಗಳಲ್ಲಿ ಆ ಹೆಸರನ್ನು ಅವನು ಎಷ್ಟೋ ಸಲ ಕರೆದಿದ್ದ, ಕಾಫಿಗೆ, ಕೀಲಿಕೈಗೆ, ಕಾಗದಕ್ಕೆ. ಬೇರೆ ಯಾವುದಕ್ಕೂ ಅಲ್ಲದೆ, ಬರಿಯ ಅವಳಿಗಾಗಿ ಕರೆದದ್ದು ಇದೇ ಮೊದಲು. ಅವಳಿಗೂ ಅದು ತಿಳಿಯಿತು.

“ನೀನು ಪಾವೊ ಜೊತೆ ಬಂದೋಳು ಅಂತ ಊರೆಲ್ಲಾ ಅಂದ್ಕೊಂಡಿದೆ. ನೀನೂ ಹಾಗೇ ಅಂದ್ಕೊಂಡಿದೀಯ. ಇರ್ಬೋದು. ಕರ್ಕೊಂಡ್ ಬಂದಿದ್ದಕ್ಕೆ ಅವನಿಗೆ ನಾನು ಋಣಿ. ಆದ್ರೆ ಈಗ ನಾನು ಕೇಳ್ತಾ ಇದೀನಿ. ಯಾರ ಜೊತೆಗೂ ಅಲ್ಲ, ಯಾರ ಬದಲಿಗೂ ಅಲ್ಲ. ನೀನು ಇಲ್ಲಿರ್ಬೇಕು. ನನಗೆ ಬೇಕು.” ಉಸಿರು ತೆಗೆದುಕೊಂಡ. “ಬೀರೆತ್ ಕೂಡ ಕೇಳಿದಾಳೆ, ನನಗಿಂತ ಮೊದ್ಲೇ. ನೀನು ಅಲ್ಲಿಗೇ ಹೋದ್ರೂ, ಈ ಹನ್ನೊಂದು ಗುರುವಾರ ನನಗೆ ಸಾಕಾಗುವಷ್ಟಿದೆ. ಕೇಳ್ದೆ ಇದ್ದೆ ಅನ್ನೋದೊಂದು ಮಾತ್ರ ಉಳೀಬಾರ್ದು.”

ಹಜಾರದಲ್ಲಿ ಅಸ್ಲಕನ ಕೀಲಿಮಣೆಯ ಸದ್ದು, ಒಂದೊಂದೇ ಅಕ್ಷರ, ಮಂಜು ತೊಟ್ಟಿಕ್ಕುವ ಹಾಗೆ ಕೇಳುತ್ತಿತ್ತು.

ಮಾರೆತ್ ಕುರ್ಚಿಯಲ್ಲಿ ಕುಳಿತಳು. ಅವನ ಲೋಟದ ಮೇಲಿನ ತಟ್ಟೆ ತೆಗೆದು, ಕಾಫಿಯನ್ನು ಮುಟ್ಟಿ ನೋಡಿದಳು. ಆರಿ ತಣ್ಣಗಾಗಿತ್ತು.

“ಇದಿಷ್ಟು ಕೇಳೋಕೆ ಹನ್ನೊಂದು ವಾರ,” ಎಂದಳು, ಲೋಟಕ್ಕೆ. “ಹದಿನೇಳು ಅಂಕಣ.”

“ಹದಿನೆಂಟನೇದೂ ಯೋಚಿಸಿಟ್ಟಿದ್ದೆ.”

“ಇಟ್ಟಿರ್ತೀಯ. ನಿನ್ನನ್ನ ನಾನು ನೋಡಿಲ್ವಾ?” ಈಗ ನಗು ಕಣ್ಣಿನ ಮೂಲೆಯಿಂದ ಹೊರಟು, ನಿಧಾನವಾಗಿ, ದಾರಿ ಗೊತ್ತಿದ್ದವರ ಹಾಗೆ, ತುಟಿಯವರೆಗೆ ಬಂತು. ಕಣ್ಣು ಮಾತ್ರ ಒದ್ದೆಯಾಗಿತ್ತು. “ಚಿಕ್ಕಂದಿನಲ್ಲಿ ಅಕ್ಕಂದಿರ ಜೊತೆ ಹಾಸ್ಟೆಲಿಗೆ ಹೋದೆ. ಆಮೇಲೆ ಪಾವೊ ಜೊತೆ ಇಲ್ಲಿಗೆ. ನನಗೇ ಅಂತ ಟಿಕೆಟ್ ತೆಗೆಸಿದ್ದು ಇವತ್ತೇ ಮೊದ್ಲು. ಅದೂ ಹೋಗಿಬರೋಕೆ, ಎರಡೂ ಕಡೆದು.”

ಓಯ್ವಾನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

“ಮರಳಿ ಬರೋದು ಬುಧವಾರ,” ಎಂದಳು ಅವಳು. “ಬೆಳಿಗ್ಗೆ ಫೋನಲ್ಲೇ ಬೀರೆತ್ ಅತ್ಲು. ಕೋಣೆ ಆ ಮೇಡಂಗೇ ಕೊಡು ಅಂತ ಅವಳ ಪಕ್ಕ ಕೂತು ಹೇಳ್ಬೇಕು. ಹೇಳೋಕೆ ನನ್ನತ್ರ ಕಾರಣ ಇರ್ಲಿಲ್ಲ. ಬರೀ ಆಸೆ ಇತ್ತು.” ಅವಳು ಮೇಜಿನ ಮೇಲಿದ್ದ ಚೀಟಿಗಳ ಕಟ್ಟನ್ನು ಎಳೆದುಕೊಂಡು, ನೀಲಿ ಪೆನ್ನಿನ ಮುಚ್ಚಳ ತೆಗೆದಳು. “ಈಗ ಕಾರಣ ಕೊಟ್ಟೆ. ಥ್ಯಾಂಕ್ಸ್ ಕಣೋ.”

ಬರೆಯುತ್ತಲೇ ಕೇಳಿದಳು, ಅವನು ಈ ಗ್ರಂಥಾಲಯಕ್ಕೆ ಯಾರ ಜೊತೆ ಬಂದವನೆಂದು ಗೊತ್ತಿದೆಯೇ ಎಂದು. ಅವನು ನೆನಪಿಸಿಕೊಂಡ. ಹಳೆಯ ಕಂಪ್ಯೂಟರುಗಳ ಜೊತೆ, ಸಂಘದ ವ್ಯಾನಿನಲ್ಲಿ, ಮುಂದಿನ ಸೀಟಿನಲ್ಲಿ.

“ಶರತ್ಕಾಲಕ್ಕೆ ಅವೆಲ್ಲಾ ಹೋಗ್ತವೆ. ಆಗ ನಿನ್ ಗತಿ?” ಎಂದು ಅವಳು ಎದ್ದು ಬಂದು, ಚೀಟಿಯನ್ನು ಅವನ ಸ್ವೆಟರಿನ ಎದೆಗೆ, ಎಡಗಡೆಗೆ, ಇಟ್ಟು ಒತ್ತಿದಳು. ಉಣ್ಣೆಗೆ ಅದು ಹತ್ತಲಿಲ್ಲ. ಮತ್ತೆ ಒತ್ತಿ, ಅಂಗೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಂತಳು. ಎಡಕ್ಕೆ ವಾಲಿದ ಅಕ್ಷರಗಳನ್ನು ಅವನು ತಲೆ ಬಗ್ಗಿಸಿ ತಲೆಕೆಳಗಾಗಿ ಓದಿದ. ಕೇಳಿ ತಂದದ್ದು.

ಇನ್ನೊಂದು ಬೂಟನ್ನು ಅವನೇ ಅವಳ ಮುಂದೆ ಕುಳಿತು ಹಾಕಿ, ದಾರ ಕಟ್ಟಿಕೊಟ್ಟ. ಶಾಲನ್ನು ಹೊದ್ದು, ಚೀಲ ಎತ್ತಿಕೊಂಡು ಅವಳು ಬಾಗಿಲವರೆಗೆ ಹೋಗಿ, ಮೂರು ಯಂತ್ರಗಳ ಕಡೆ ತಿರುಗಿ ನೋಡಿದಳು.

“ವರದಿ ಇವತ್ತೇ ಕೊಟ್ಬಿಡು. ಮುಂದಿನ ಗುರುವಾರಕ್ಕೆ ಅದು ಬೇಕಾಗಿಲ್ಲ.”

“ಯಾವ್ದು ಅಂತ ಬರೀಲಿ?”

“ಹೇಳಿ ಕಾಯೋನೇ ಇರ್ಲಿ,” ಎಂದಳು ಮಾರೆತ್. “ಆದ್ರೆ ಒಂದು ಮಾತು ಸೇರಿಸು ಮೇಷ್ಟ್ರೇ. ಕಾಯೋದು ಸರಿ, ಮೊದ್ಲು ಹೇಳ್ಬೇಕು.”

ಹಜಾರದಲ್ಲಿ ಅವಳು ಅಸ್ಲಕನಿಗೆ ಏನೋ ಅಂದದ್ದು, ಮುದುಕ ನಕ್ಕದ್ದು ಕೇಳಿಸಿತು. ಓಯ್ವಾ ತಣ್ಣಗಾದ ಕಾಫಿಯನ್ನು ಒಂದು ಹನಿ ಬಿಡದೆ ಕುಡಿದ. ಬಿದ್ದುಹೋಗದಿರಲೆಂದು ಚೀಟಿಯ ಮೇಲೆ ತನ್ನ ಅಂಗೈ ಒತ್ತಿಕೊಂಡ. ಹಿಮದ ಮೇಲೆ ಬೂಟು ಕುಟ್ಟುವ ಸದ್ದಿಗೆ ಕಿವಿಗೊಟ್ಟ ಅವನಿಗೆ ಮೊದಲು ಕೇಳಿಸಿದ್ದು, ಗ್ರಂಥಾಲಯದ ಭಾರವಾದ ಹೊರಬಾಗಿಲು ಅವಳ ಹಿಂದೆ ಮೆಲ್ಲಗೆ ಮುಚ್ಚಿಕೊಂಡ ಸದ್ದು.